ಹದಿನೆಂಟು ತಿಂಗಳು ತುಂಬದ ಸಂಘಟನೆಯ ಜಾಡು ಹಿಡಿದು

ಮಂಗಳವಾರ: ಡಬ್ಲಿನ್

ರೊಟಂಡಾ ಹೆರಿಗೆ ಆಸ್ಪತ್ರೆ ಇಂದಿಗೂ ಕೈತುಂಬ ಕೆಲಸವಿರುವ ಜಾಗ. ಡಬ್ಲಿನ್ನಿನ ಬಡ ಹೆಂಗಸರಿಗಾಗಿ ಬಾರ್ತಲೋಮ್ಯೂ ಮಾಸ್ ಎಂಬ ವೈದ್ಯ 1745ರಲ್ಲಿ ಆರಂಭಿಸಿದ ಸಂಸ್ಥೆ ಇದು. ನನ್ನ ಅಕ್ಕನ ಎರಡನೆಯ ಮಗಳು ಹುಟ್ಟಿದ್ದೂ ಇಲ್ಲಿಯೇ. ಆಸ್ಪತ್ರೆಯ ಖರ್ಚು ತೂಗಿಸಲು ಪಕ್ಕದಲ್ಲಿ ದುಂಡನೆಯ ಸಭಾಂಗಣ ಕಟ್ಟಿಸಿ, ಸಂಗೀತ ಕಛೇರಿಗಳಿಗೂ ಸಭೆಗಳಿಗೂ ಬಾಡಿಗೆಗೆ ಕೊಡುತ್ತಿದ್ದರು. 1847ರ ಜನವರಿ 13ರಂದು ರೊಟಂಡಾದಲ್ಲಿ ಸೇರಿದ ಸಭೆಯೊಂದು, ಐರ್ಲೆಂಡಿಗೆ ತನ್ನದೇ ಸಂಸತ್ತು ಬೇಕೆಂದ ಐರಿಷ್ ಕಾನ್ಫೆಡರೇಶನ್ ಎಂಬ ಸಂಘಟನೆಯನ್ನು ಹುಟ್ಟುಹಾಕಿತು. ಮರುವರ್ಷದ ಜೂನ್‌ನಲ್ಲಿ ಅದು ವಿಸರ್ಜನೆಗೊಂಡಿತು. ಜುಲೈ ಕೊನೆಯಲ್ಲಿ ಅದರ ನಾಯಕರು ಟಿಪ್ಪರರಿ ಸೀಮೆಯ ಒಂದು ರೈತಮನೆಯ ಮುಂದೆ ದಂಗೆ ಎದ್ದು ಸೋತರು. ಲಂಡನ್ನಿನ ಪತ್ರಿಕೆಗಳು ಅದನ್ನು ವಿಧವೆಯ ಎಲೆಕೋಸಿನ ಪಾತಿಯಲ್ಲಿ ನಡೆದ ಯುದ್ಧ ಎಂದು ಗೇಲಿ ಮಾಡಿದವು. ಆ ಗೇಲಿ ಇಂದಿಗೂ ಪೂರ್ತಿ ಅಳಿದಿಲ್ಲ. ಅದು ಅನ್ಯಾಯದ ಮಾತು ಎಂದು ನನಗೆ ಮೊದಲಿನಿಂದಲೂ ಅನ್ನಿಸಿದೆ. ರೊಟಂಡಾದಿಂದ ಆ ರೈತಮನೆಯವರೆಗೆ, ಅಲ್ಲಿಂದ ಸ್ಮಶಾನದವರೆಗೆ ಹೋಗಿ ನೋಡಬೇಕೆಂಬ ಆಸೆಗೆ ಇದೇ ಕಾರಣ.

ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳಬೇಕು. 1801ರಲ್ಲಿ ಐರ್ಲೆಂಡಿನ ಸಂಸತ್ತನ್ನು ಮುಚ್ಚಿ, ದೇಶವನ್ನು ಬ್ರಿಟನ್ನಿನ ಜೊತೆ ಒಂದುಗೂಡಿಸಲಾಯಿತು. ಆ ಕಾಯ್ದೆಯನ್ನು ರದ್ದುಪಡಿಸಬೇಕೆಂದು ಡೇನಿಯಲ್ ಓಕಾನೆಲ್ 1840ರಲ್ಲಿ ರಿಪೀಲ್ ಅಸೋಸಿಯೇಶನ್ ಕಟ್ಟಿದ. 1843ರಲ್ಲಿ ಬಯಲುಗಳಲ್ಲಿ ಲಕ್ಷಗಟ್ಟಲೆ ಜನ ಸೇರಿಸಿದ. ಅದೇ ವರ್ಷ ಅಕ್ಟೋಬರ್ 8ಕ್ಕೆ ಗೊತ್ತಾಗಿದ್ದ ಕ್ಲಾಂಟಾರ್ಫ್ ಸಭೆಯನ್ನು ಸರಕಾರ ನಿಷೇಧಿಸಿದಾಗ, ರಕ್ತಪಾತ ಬೇಡವೆಂದು ಸಭೆಯನ್ನು ಕೈಬಿಟ್ಟ. ಓಕಾನೆಲ್ ತಪ್ಪು ಮಾಡಿದ ಎಂದು ನಾನು ಹೇಳಲಾರೆ. ತೋಪುಗಳ ಮುಂದೆ ಬರಿಗೈ ಜನರನ್ನು ನಿಲ್ಲಿಸಲು ಒಪ್ಪದ ಮನುಷ್ಯ ಅವನು. ಆದರೆ ಅವನ ಚಳವಳಿಯ ಬಿಸಿ ಆ ದಿನದಿಂದ ಆರತೊಡಗಿತು.

ಸಂಜೆ ಲಿಫಿ ನದಿಯ ದಡದಲ್ಲಿ ಬರ್ಗ್ ಕ್ವೇ ತನಕ ನಡೆದೆವು. ರಿಪೀಲ್ ಅಸೋಸಿಯೇಶನ್ನಿನ ಕನ್ಸಿಲಿಯೇಶನ್ ಹಾಲ್ ಇದ್ದದ್ದು ಈ ಸಾಲಿನಲ್ಲಿ. 1846ರ ಜುಲೈನಲ್ಲಿ ಒಂದು ನಿರ್ಣಯ ಅಲ್ಲಿ ಚರ್ಚೆಗೆ ಬಂತು: ಯಾವ ಕಾಲದಲ್ಲೂ, ಯಾವ ಕಾರಣಕ್ಕೂ ಶಸ್ತ್ರ ಹಿಡಿಯುವುದು ಸರಿಯಲ್ಲ ಎಂದು ಸದಸ್ಯರೆಲ್ಲ ಒಪ್ಪಬೇಕು. ಯಂಗ್ ಐರ್ಲೆಂಡ್ ಎಂದು ಕರೆಸಿಕೊಳ್ಳುತ್ತಿದ್ದ ತರುಣರ ಗುಂಪು ಒಪ್ಪಲಿಲ್ಲ. ಅವರ ಬಳಿ ಆಗ ಒಂದು ಕೋವಿಯೂ ಇರಲಿಲ್ಲ, ದಂಗೆಯ ಯೋಜನೆಯೂ ಇರಲಿಲ್ಲ. ಜಗತ್ತಿನ ಎಲ್ಲ ಸ್ವಾತಂತ್ರ್ಯ ಹೋರಾಟಗಳನ್ನೂ ಒಂದೇ ಸಾಲಿನಲ್ಲಿ ಪಾಪವೆಂದು ಬರೆದುಕೊಡಲು ತಮ್ಮಿಂದಾಗದು ಎಂಬುದಷ್ಟೇ ಅವರ ವಾದ. ಇಪ್ಪತ್ತೆರಡರ ಥಾಮಸ್ ಫ್ರಾನ್ಸಿಸ್ ಮಾರ್ ಖಡ್ಗವನ್ನು ಕುರಿತು ಮಾತನಾಡತೊಡಗಿದಾಗ ಓಕಾನೆಲ್‌ನ ಮಗ ಜಾನ್ ಅವನನ್ನು ತಡೆದ. ವಿಲಿಯಂ ಸ್ಮಿತ್ ಓಬ್ರಿಯನ್ ಎದ್ದು ಹೊರನಡೆದ, ಉಳಿದವರು ಹಿಂಬಾಲಿಸಿದರು. ಅಲ್ಲಿಂದ ಆರು ತಿಂಗಳಿಗೆ ರೊಟಂಡಾ ಸಭೆ.

ಓಬ್ರಿಯನ್‌ನ ಪ್ರತಿಮೆ ಓಕಾನೆಲ್ ಬೀದಿಯಲ್ಲಿದೆ. ಥಾಮಸ್ ಫ್ಯಾರಲ್ ಕೆತ್ತಿದ ಇದನ್ನು 1870ರಲ್ಲಿ ಡಿ'ಓಲಿಯರ್ ಬೀದಿಯ ಬಾಯಿಯಲ್ಲಿ ನಿಲ್ಲಿಸಿದ್ದರು. 1929ರಲ್ಲಿ ಇಲ್ಲಿಗೆ ತಂದರು. ಎದೆಯ ಮೇಲೆ ಕೈಕಟ್ಟಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಾನೆ. ಎಡಬಲದ ಇತರ ನಾಯಕರ ಹಾಗೆ ಕೈಯೆತ್ತಿ ಜನರನ್ನು ಕರೆಯುವ ಭಂಗಿ ಇವನಿಗಿಲ್ಲ. ಪೀಠದ ಬರಹ ಅವನು ಹುಟ್ಟಿದ ದಿನವನ್ನು ಹೇಳುತ್ತದೆ. 1848ರ ಅಕ್ಟೋಬರ್ 9ರಂದು ರಾಜದ್ರೋಹಕ್ಕಾಗಿ ಮರಣದಂಡನೆಗೆ ಗುರಿಯಾದನೆಂದು ಹೇಳುತ್ತದೆ. ರಾಣಿ ವಿಕ್ಟೋರಿಯಾಳ ಆಳ್ವಿಕೆ ನಡೆಯುತ್ತಿದ್ದಾಗಲೇ ಅವಳ ದ್ರೋಹಿಗೆ ಡಬ್ಲಿನ್ನಿನ ಜನ ನಡುಬೀದಿಯಲ್ಲಿ ಅಮೃತಶಿಲೆ ನಿಲ್ಲಿಸಿದರು ಎಂಬುದನ್ನು ನೆನೆದರೆ ಮೈ ಬಿಸಿಯಾಗುತ್ತದೆ.

ಇವನು ಬಡವನಲ್ಲ, ಕ್ಯಾಥೊಲಿಕ್ ಅಲ್ಲ. ಡ್ರೊಮೋಲಾಂಡ್ ಕೋಟೆಯಲ್ಲಿ ಹುಟ್ಟಿದ ಪ್ರಾಟೆಸ್ಟಂಟ್ ಜಮೀನ್ದಾರ, ಹ್ಯಾರೋ ಮತ್ತು ಕೇಂಬ್ರಿಜ್‌ನಲ್ಲಿ ಓದಿದವನು, ಲಿಮರಿಕ್‌ನ ಸಂಸತ್ ಸದಸ್ಯ. ಐರ್ಲೆಂಡಿನ ಕೆಲಸವನ್ನಲ್ಲದೆ ಬೇರೆ ಕೆಲಸ ಮಾಡಲಾರೆ ಎಂದು ಇಂಗ್ಲೆಂಡಿನ ರೈಲ್ವೆ ಸಮಿತಿಯಲ್ಲಿ ಕೂರಲು ನಿರಾಕರಿಸಿದ್ದಕ್ಕೆ 1846ರಲ್ಲಿ ಲಂಡನ್ನಿನ ಸಂಸತ್ ಭವನದಲ್ಲೇ ಬಂಧನ ಅನುಭವಿಸಿದವನು. ಇಂಥ ಮನುಷ್ಯನ ಹಟವೂ ಸಂಕೋಚವೂ ಎರಡೂ ಮುಂದಿನ ಕಥೆಯನ್ನು ನಡೆಸುತ್ತವೆ.

ಬುಧವಾರ: ಡಬ್ಲಿನ್

ಬೆಳಿಗ್ಗೆ ಫೀನಿಕ್ಸ್ ಪಾರ್ಕ್. ಥಾಮಸ್ ಡೇವಿಸ್, ಜಾನ್ ಬ್ಲೇಕ್ ಡಿಲನ್, ಚಾರ್ಲ್ಸ್ ಗವನ್ ಡಫಿ ಮೂವರೂ ಈ ಉದ್ಯಾನದ ಒಂದು ಮರದ ಕೆಳಗೆ ಕೂತು ಪತ್ರಿಕೆಯೊಂದನ್ನು ಹೊರಡಿಸುವ ಮಾತಾಡಿದರು. 1842ರ ಅಕ್ಟೋಬರ್ 15ರಂದು 'ದಿ ನೇಷನ್' ಹೊರಬಂತು. ಊರಿನಲ್ಲಿ ಅಕ್ಷರ ಬಲ್ಲ ಒಬ್ಬ ಓದುವುದು, ಉಳಿದವರು ಸುತ್ತ ಕೂತು ಕೇಳುವುದು. ಹೀಗೆ ಒಂದೊಂದು ಪ್ರತಿಯೂ ಹತ್ತಾರು ಜನರನ್ನು ಮುಟ್ಟುತ್ತಿತ್ತು. ತನ್ನದೇ ಭಾಷೆಯಿಲ್ಲದ ಜನಾಂಗ ಅರೆ ರಾಷ್ಟ್ರ ಮಾತ್ರ ಎಂದು ಡೇವಿಸ್ ಅದರಲ್ಲಿ ಬರೆದ. ಮೂವತ್ತು ವರ್ಷಕ್ಕೇ, 1845ರಲ್ಲಿ, ಅವನು ತೀರಿಕೊಂಡ. ಕಾನ್ಫೆಡರೇಶನ್ನನ್ನು ಅವನು ನೋಡಲಿಲ್ಲ, ಆದರೆ ಅಲ್ಲಿ ಸೇರಿದವರೆಲ್ಲ ಅವನ ಮಾತಿನಲ್ಲಿ ಬೆಳೆದವರು. ಆ ಮಾತಿನ ಒಂದು ಎಳೆ ನಮ್ಮ ಮೈಸೂರಿಗೂ ಬಂದಿದೆ. 1924ರಲ್ಲಿ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಕುವೆಂಪು ಅವರಿಗೆ, ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂದು ಹೇಳಿದ ಜೇಮ್ಸ್ ಕಸಿನ್ಸ್ ಐರಿಷ್ ಕವಿ. ಡೇವಿಸ್‌ನ ನಂಬಿಕೆ ಉಸಿರಾಗಿದ್ದ ಡಬ್ಲಿನ್ನಿನ ಸಾಹಿತ್ಯ ಬಳಗದಿಂದ ಬಂದವರು ಅವರು.

ಮಧ್ಯಾಹ್ನ ಕಸ್ಟಮ್ ಹೌಸ್ ಕ್ವೇಯಲ್ಲಿ ಕ್ಷಾಮದ ಸ್ಮಾರಕ ನೋಡಿದೆವು. ರೋವನ್ ಗಿಲೆಸ್ಪಿ 1997ರಲ್ಲಿ ಮಾಡಿದ ಕಂಚಿನ ಮನುಷ್ಯರು, ಮೂಳೆಗೆ ಚರ್ಮ ಅಂಟಿದವರು, ಹಡಗಿನ ಕಡೆಗೆ ನಡೆಯುತ್ತಿದ್ದಾರೆ. ಒಬ್ಬನ ಹೆಗಲ ಮೇಲೆ ಮಗು. ಅಕ್ಕ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಒಪ್ಪಲಿಲ್ಲ.

ಕಾನ್ಫೆಡರೇಶನ್ ಹುಟ್ಟಿದ ಚಳಿಗಾಲ ಎಂಥದೆಂದು ತಿಳಿಯದೆ ಈ ಕಥೆ ಅರ್ಥವಾಗುವುದಿಲ್ಲ. 1845ರಲ್ಲಿ ಆಲೂಗೆಡ್ಡೆಗೆ ಅಂಗಮಾರಿ ಬಿತ್ತು. 1846ರಲ್ಲಿ ಬೆಳೆ ದೇಶದಾದ್ಯಂತ ಕೊಳೆತುಹೋಯಿತು. 1841ರ ಜನಗಣತಿಯಲ್ಲಿ 81 ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಹತ್ತಿರಕ್ಕೆ ಇಳಿಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. 1847ರ ಬೇಸಿಗೆಯಲ್ಲಿ ದಿನಕ್ಕೆ 30 ಲಕ್ಷ ಜನ ಗಂಜಿಕೇಂದ್ರಗಳ ಮುಂದೆ ಬಟ್ಟಲು ಹಿಡಿದಿದ್ದರು. ಆ ಕೇಂದ್ರಗಳನ್ನೂ ಸರಕಾರ ಅದೇ ಶರತ್ಕಾಲದ ಹೊತ್ತಿಗೆ ಮುಚ್ಚಿತು. ಪರಿಹಾರದ ಹಣದ ಥೈಲಿ ಇದ್ದದ್ದು ಲಂಡನ್ನಿನ ಖಜಾನೆಯಲ್ಲಿದ್ದ ಚಾರ್ಲ್ಸ್ ಟ್ರೆವೆಲ್ಯನ್ ಕೈಯಲ್ಲಿ. ಕ್ಷಾಮ ದೇವರ ವ್ಯವಸ್ಥೆ, ಮಾರುಕಟ್ಟೆಗೆ ಕೈಹಾಕಬಾರದು ಎಂದು ನಂಬಿದ ಅಧಿಕಾರಿ ಅವನು. ಇದೇ ಟ್ರೆವೆಲ್ಯನ್ 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದ. ಬಳ್ಳಾರಿ, ಮಂಗಳೂರು, ಕಾರವಾರ ಆಗ ಅವನ ಆಡಳಿತಕ್ಕೆ ಸೇರಿದ್ದವು.

ಇಂಥ ಹೊತ್ತಿನಲ್ಲಿ ಕಾನ್ಫೆಡರೇಶನ್ ಏನು ಮಾಡಿತು? ಜಮೀನ್ದಾರರನ್ನೂ ರೈತರನ್ನೂ, ಪ್ರಾಟೆಸ್ಟಂಟರನ್ನೂ ಕ್ಯಾಥೊಲಿಕರನ್ನೂ ಒಂದೇ ಚಪ್ಪರದ ಕೆಳಗೆ ತಂದು ಡಬ್ಲಿನ್ನಿಗೆ ಸಂಸತ್ತನ್ನು ಮರಳಿ ಪಡೆಯುವ ಕನಸು ಕಂಡಿತು. ಇಂಗ್ಲೆಂಡಿನ ಯಾವ ಪಕ್ಷದ ಬಾಲವನ್ನೂ ಹಿಡಿಯುವುದಿಲ್ಲ ಎಂದು ಸಾರಿತು. ಊರೂರಿನಲ್ಲಿ, ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರಿನ ಐರಿಷ್ ಕೇರಿಗಳಲ್ಲೂ, ಕ್ಲಬ್ಬುಗಳನ್ನು ಕಟ್ಟಿತು. ಕನಸು ಉದಾತ್ತವಾದದ್ದೇ. ಆದರೆ ಜಮೀನ್ದಾರರು ಬರಲಿಲ್ಲ. ಗೇಣಿ ಬಾಕಿಯಿಟ್ಟವರನ್ನು ಒಕ್ಕಲೆಬ್ಬಿಸುವುದರಲ್ಲಿ ಅವರು ತೊಡಗಿದ್ದರು.

ಇದನ್ನು ಮೊದಲು ಕಂಡವನು ಜೇಮ್ಸ್ ಫಿಂಟನ್ ಲಾಲರ್. ಬೆನ್ನು ಗೂನಾದ, ಕಣ್ಣು ಕಿವಿ ಮಂದವಾದ ಈ ರೈತನ ಮಗ 1847ರ ಆರಂಭದಿಂದಲೇ ಡಫಿಗೆ ಪತ್ರ ಬರೆಯತೊಡಗಿದ. ಸಂಸತ್ತಿನ ಮಾತು ಆಮೇಲೆ, ಮೊದಲು ನೆಲದ ಮಾತು ಎತ್ತಿ. ಈ ದೇಶದ ಮಣ್ಣು ಈ ದೇಶದ ಜನರದ್ದು ಎನ್ನಿ, ಹಳ್ಳಿ ಹಳ್ಳಿಯೇ ನಿಮ್ಮ ಹಿಂದೆ ಬರುತ್ತದೆ ಎಂಬುದು ಅವನ ಮಾತಿನ ಸಾರ. ಕಾನ್ಫೆಡರೇಶನ್ನಿನ ಬಹುಮಂದಿ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡವನು ಜಾನ್ ಮಿಚೆಲ್. ಗೇಣಿ ಕೊಡಬೇಡಿ, ತೆರಿಗೆ ಕಟ್ಟಬೇಡಿ, ಧಾನ್ಯ ಹೊರಹೋಗಲು ಬಿಡಬೇಡಿ ಎಂದು ಅವನು ಬರೆಯತೊಡಗಿದಾಗ ಓಬ್ರಿಯನ್ ವಿರೋಧಿಸಿದ. 1848ರ ಫೆಬ್ರವರಿಯಲ್ಲಿ ದಿನಗಟ್ಟಲೆ ಚರ್ಚೆ ನಡೆದು, ಮತಕ್ಕೆ ಹಾಕಿ, ಮಿಚೆಲ್ ಸೋತು ಹೊರನಡೆದ. ಕಾನ್ಫೆಡರೇಶನ್ ಸೋತದ್ದು ಟಿಪ್ಪರರಿಯಲ್ಲಿ ಎನ್ನುತ್ತಾರೆ. ನನ್ನ ಮನಸ್ಸಿಗೆ ಅದು ಸೋತದ್ದು ಆ ಮತದ ದಿನ, ಡಬ್ಲಿನ್ನಿನ ಒಂದು ಸಭಾಂಗಣದೊಳಗೆ.

ಹೊರಬಂದ ಮಿಚೆಲ್ 'ಯುನೈಟೆಡ್ ಐರಿಷ್‌ಮನ್' ಪತ್ರಿಕೆ ಹೊರಡಿಸಿದ. ಅದೇ ತಿಂಗಳು ಪ್ಯಾರಿಸ್ಸಿನಲ್ಲಿ ಕ್ರಾಂತಿಯಾಗಿ ದೊರೆ ಓಡಿಹೋದ. ಯುರೋಪಿನ ಎಲ್ಲೆಡೆ ಸಿಂಹಾಸನಗಳು ಅಲುಗಾಡಿದವು. ಅದುವರೆಗೆ ತಾಳ್ಮೆ ಎನ್ನುತ್ತಿದ್ದ ಓಬ್ರಿಯನ್, ಡಫಿ ಕೂಡ ದನಿ ಏರಿಸಿದರು. ಸರಕಾರ ಏಪ್ರಿಲ್‌ನಲ್ಲಿ ಹೊಸ ಕಾಯ್ದೆ ತಂದು, ಬರವಣಿಗೆಗೂ ಗಡೀಪಾರಿನ ಶಿಕ್ಷೆ ಬರುವಂತೆ ಮಾಡಿತು. ಆ ಕಾಯ್ದೆಗೆ ಮೊದಲು ಸಿಕ್ಕವನು ಮಿಚೆಲ್. ಗ್ರೀನ್ ಸ್ಟ್ರೀಟ್ ನ್ಯಾಯಾಲಯದ ಎದುರು ನಾವು ಸಂಜೆ ಹೋಗಿ ನಿಂತೆವು. 1803ರಲ್ಲಿ ದಂಗೆಯ ನಾಯಕ ರಾಬರ್ಟ್ ಎಮೆಟ್‌ಗೆ ಗಲ್ಲು ಶಿಕ್ಷೆ ಕೊಟ್ಟ ಕಟ್ಟಡವೇ ಇದು. 1848ರ ಮೇ ಕೊನೆಯಲ್ಲಿ ಇಲ್ಲಿಯೇ ಮಿಚೆಲ್‌ಗೆ 14 ವರ್ಷದ ಗಡೀಪಾರು ಆಯಿತು. ಅವನನ್ನು ಬಿಡಿಸಿಕೊಳ್ಳಲು ಕ್ಲಬ್ಬುಗಳ ಹುಡುಗರು ಸಿದ್ಧರಿದ್ದರು, ನಾಯಕರು ತಡೆದರು. ಇದೇ ಮಿಚೆಲ್ ಮುಂದೆ ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿ ಬರೆದ. ಹಸಿದ ರೈತನ ಹಕ್ಕನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣಿಗೆ ಕಪ್ಪು ಮನುಷ್ಯನ ಸಂಕೋಲೆ ಕಾಣಲಿಲ್ಲ ಎಂಬುದು ನನಗೆ ಸಹಿಸಲಾಗದ ಸಂಗತಿ. ಅವನನ್ನು ಮೆಚ್ಚುವಾಗಲೆಲ್ಲ ಅದೂ ಜೊತೆಗೇ ನೆನಪಿಗೆ ಬರುತ್ತದೆ.

ಗುರುವಾರ: ವಾಟರ್‌ಫರ್ಡ್

ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಎರಡು ಗಂಟೆಗೆ ಸ್ವಲ್ಪ ಮೇಲೆ. ಶೂರ್ ನದಿಯನ್ನು ದಾಟಿದರೆ ಊರು. ತಿಂಡಿಗೆ ಬ್ಲಾ ತಿಂದೆವು: ಹಿಟ್ಟು ಉದುರಿಸಿದ ಮೆತ್ತನೆಯ ಬಿಳಿ ಬ್ರೆಡ್ಡು, ಈ ಊರಿನದ್ದೇ ವಿಶೇಷ. ಮುಟ್ಟಿದರೆ ಬೆರಳಿಗೆಲ್ಲ ಹಿಟ್ಟು.

ಮಾರ್ ಹುಟ್ಟಿದ್ದು 1823ರಲ್ಲಿ, ನದೀತೀರದ ಈಗಿನ ಗ್ರಾನ್‌ವಿಲ್ ಹೋಟೆಲ್ ಇರುವ ಕಟ್ಟಡದಲ್ಲಿ. ಸಿರಿವಂತ ವರ್ತಕರ ಮನೆ. ತಂದೆ ನಗರದ ಮೇಯರ್ ಆಗಿದ್ದವನು, ಆಮೇಲೆ ಸಂಸತ್ ಸದಸ್ಯ, ಓಕಾನೆಲ್‌ನ ಪಕ್ಷದವನು. 1848ರ ಆರಂಭದಲ್ಲಿ ಇಲ್ಲಿ ಉಪಚುನಾವಣೆ ಬಂದಾಗ ಮಗ ಕಾನ್ಫೆಡರೇಶನ್ ಪರವಾಗಿ ನಿಂತ. ತಂದೆ ಅವನನ್ನು ಬೆಂಬಲಿಸಲಿಲ್ಲ. ಮಗ ಸೋತ. ಆ ಸೋಲಿನ ಬಿಸಿಯಲ್ಲೇ, ಮಾರ್ಚ್ 7ರಂದು, ಮಾಲ್ ಬೀದಿಯ 33ನೇ ಮನೆಯಲ್ಲಿದ್ದ ವುಲ್ಫ್ ಟೋನ್ ಕಾನ್ಫೆಡರೇಟ್ ಕ್ಲಬ್ಬಿನ ಕಿಟಕಿಯಿಂದ ಅವನು ತ್ರಿವರ್ಣ ಧ್ವಜ ಹಾರಿಸಿದ ಎಂದು ಊರು ಸ್ಮರಿಸುತ್ತದೆ. ಮನೆ ಹಾಗೆಯೇ ಇದೆ, ಗೋಡೆಯ ಮೇಲೆ ಫಲಕವಿದೆ. ಬೀದಿಯ ಒಂದು ತುದಿಯಲ್ಲಿ ರೆಜಿನಾಲ್ಡ್ ಗೋಪುರ, ಅದರ ಬಳಿ ಕುದುರೆಯ ಮೇಲೆ ಕತ್ತಿ ಎತ್ತಿದ ಮಾರ್.

ಇದಾದ ಮೇಲೆ ಓಬ್ರಿಯನ್, ಮಾರ್ ಮತ್ತು ಎಡ್ವರ್ಡ್ ಹಾಲಿವುಡ್ ಎಂಬ ರೇಷ್ಮೆ ನೇಕಾರ ಪ್ಯಾರಿಸ್ಸಿಗೆ ಹೋದರು. ಕವಿ ಲಾಮಾರ್ಟೀನ್ ಆಗ ವಿದೇಶಾಂಗ ಮಂತ್ರಿ. ಬ್ರಿಟನ್ನಿನ ಒಳವ್ಯವಹಾರಕ್ಕೆ ತಲೆಹಾಕಲಾರೆವು ಎಂದು ಸೌಜನ್ಯದಿಂದಲೇ ಹೇಳಿ ಕಳಿಸಿದ. ನೆರವು ಬರಲಿಲ್ಲ, ಧ್ವಜ ಬಂತು. ಏಪ್ರಿಲ್ 15ರಂದು ಡಬ್ಲಿನ್ನಿನ ಆಬಿ ಸ್ಟ್ರೀಟ್‌ನ ಮ್ಯೂಸಿಕ್ ಹಾಲಿನಲ್ಲಿ ಮಾರ್ ಅದನ್ನು ಬಿಚ್ಚಿ ತೋರಿಸಿ ಅರ್ಥ ಹೇಳಿದ: ನಡುವಿನ ಬಿಳಿ ಎಂದರೆ ಕಿತ್ತಳೆಗೂ ಹಸಿರಿಗೂ ನಡುವೆ ಬಾಳುವ ಶಾಂತಿ, ಅದರ ನೆರಳಿನಲ್ಲಿ ಪ್ರಾಟೆಸ್ಟಂಟನೂ ಕ್ಯಾಥೊಲಿಕನೂ ಕೈ ಹಿಡಿಯಲಿ. ಇಂದು ಐರ್ಲೆಂಡ್ ಗಣರಾಜ್ಯದ ಪ್ರತಿ ಕಚೇರಿಯ ಮೇಲೂ ಇರುವ ಧ್ವಜ ಇದು. ಹದಿನೆಂಟು ತಿಂಗಳೂ ತುಂಬದ ಒಂದು ಸಂಘಟನೆ ದೇಶಕ್ಕೆ ಬಾವುಟ ಕೊಟ್ಟು ಹೋಯಿತು.

ಶುಕ್ರವಾರ: ಕ್ಯಾರಿಕ್, ಮುಲಿನಹೋನ್

ಭಾವ ರಾತ್ರಿಯೇ ಡಬ್ಲಿನ್ನಿನಿಂದ ಕಾರು ತಂದಿದ್ದರು. ಶೂರ್ ನದಿಯ ಗುಂಟ ಕ್ಯಾರಿಕ್-ಆನ್-ಶೂರ್, ಎಡಕ್ಕೂ ಬಲಕ್ಕೂ ಹಸುಗಳು. ಮುಂದೆ ಸ್ಲೀವ್‌ನಮನ್ ಬೆಟ್ಟ, 721 ಮೀಟರ್, ಒಂಟಿಯಾಗಿ ಎದ್ದು ನಿಂತಿದೆ. 1848ರ ಜುಲೈ 16ರಂದು ಇದರ ಮೇಲೆ ಮಾರ್ ಭಾರೀ ಸಭೆ ನಡೆಸಿದ. ನಾವು ಹತ್ತಲಿಲ್ಲ, ನೆತ್ತಿಯ ಮೇಲೆ ಮೋಡ ಕೂತಿತ್ತು.

ಆ ಹೊತ್ತಿಗೆ ಕಾನ್ಫೆಡರೇಶನ್ ಕಾಗದದ ಮೇಲೆ ಇರಲಿಲ್ಲ. ಓಕಾನೆಲ್ 1847ರ ಮೇ ತಿಂಗಳಲ್ಲಿ ಜಿನೋವಾದಲ್ಲಿ ತೀರಿಕೊಂಡಿದ್ದ. ಹಳೆಯ ಅಸೋಸಿಯೇಶನ್ನಿನ ಜೊತೆ ರಾಜಿಯಾಗಿ ಐರಿಷ್ ಲೀಗ್ ಎಂಬ ಹೊಸ ಕೂಟ ಕಟ್ಟಲು 1848ರ ಜೂನ್‌ನಲ್ಲಿ ಕಾನ್ಫೆಡರೇಶನ್ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಕ್ಲಬ್ಬುಗಳು ಮಾತ್ರ ಉಳಿದವು. ಜುಲೈ ಕೊನೆಯಲ್ಲಿ, ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರವನ್ನು ಸಂಸತ್ತು ಸರಕಾರಕ್ಕೆ ಕೊಟ್ಟಿತು. ಓಬ್ರಿಯನ್ ಆಗ ವೆಕ್ಸ್‌ಫರ್ಡ್‌ನಲ್ಲಿ ಗೆಳೆಯರೊಬ್ಬರ ಮನೆಯಲ್ಲಿದ್ದ. ಡಿಲನ್ ಮತ್ತು ಮಾರ್ ಓಡಿಬಂದು ಸುದ್ದಿ ಮುಟ್ಟಿಸಿದರು. ಕೈಗೆ ಕೋಳ ಬೀಳುವುದೋ, ಎದ್ದು ನಿಲ್ಲುವುದೋ? ಬೆಳೆ ಕೊಯ್ಲಾಗುವವರೆಗೆ ಕಾಯಬೇಕೆಂದಿದ್ದವರಿಗೆ ಕಾಯುವ ಅವಕಾಶವೇ ಉಳಿಯಲಿಲ್ಲ. ಎನಿಸ್ಕೋರ್ತಿ, ಕಿಲ್ಕೆನಿ, ಕ್ಯಾಲನ್, ಕ್ಯಾರಿಕ್ ಎಂದು ಊರೂರು ಅಲೆಯುತ್ತ ಅವರು ಈ ಕಡೆಗೆ ಬಂದರು. ಎಲ್ಲೆಡೆ ಜಯಕಾರ, ಎಲ್ಲಿಯೂ ಮದ್ದುಗುಂಡಿಲ್ಲ.

ಮುಲಿನಹೋನ್ ಚಿಕ್ಕ ಊರು. ಅವರು ಬಂದ ದಿನ ಇಲ್ಲಿ ಘಂಟೆ ಬಾರಿಸಿ ಸುತ್ತಲಿನ ಸಾವಿರಾರು ಜನ ಸೇರಿದರು. ಅವರಲ್ಲಿ ಕೆಲವರ ಹತ್ತಿರ ಕೋವಿ, ಹೆಚ್ಚಿನವರ ಹತ್ತಿರ ಭರ್ಜಿ, ಕವೆಗೋಲು. ಊಟ ಯಾರ ಬಳಿಯೂ ಇಲ್ಲ. ನಾಲ್ಕು ದಿನಕ್ಕಾಗುವ ರೊಟ್ಟಿ, ಹಿಟ್ಟು ನೀವೇ ತನ್ನಿ ಎಂದ ಓಬ್ರಿಯನ್. ಯಾರ ಮನೆಯ ಕಣಜಕ್ಕೂ ಕೈಹಾಕಲು ಒಪ್ಪಲಿಲ್ಲ. ರಸ್ತೆಗೆ ಅಡ್ಡ ಹಾಕಲು ಮರ ಕಡಿಯಬೇಕೆಂದಾಗ, ಒಡೆಯರ ಅನುಮತಿಯಿಲ್ಲದೆ ಕಡಿಯಬಾರದು ಎಂದ. ಪೊಲೀಸ್ ಠಾಣೆಗೆ ತಾನೇ ಹೋಗಿ ಆಯುಧ ಕೇಳಿದ. ಇಷ್ಟೇ ಜನರಿಗೆ ಶರಣಾದರೆ ನಮ್ಮ ಮಾನ ಹೋಗುತ್ತದೆ ಎಂದು ಪೊಲೀಸರು ಅಂಗಲಾಚಿದಾಗ ಹೊತ್ತು ಕೊಟ್ಟ, ಅವರು ಆಯುಧ ಸಮೇತ ಜಾಗ ಬಿಟ್ಟರು. ಊರಿನ ಪಾದ್ರಿಗಳು ಜನರಿಗೆ ಮನೆಗೆ ಹೋಗಿ ಎಂದರು. ಹಸಿದ ಜನ ಹೋದರು.

"ಇದೇನು, ದಂಗೆ ಏಳುವವನು ಮರ ಕಡಿಯಲು ಅಪ್ಪಣೆ ಕೇಳುವುದೇ?" ಎಂದರು ಭಾವ.

"ಜನರ ಆಸ್ತಿ ಕಿತ್ತುಕೊಂಡರೆ ಸರಕಾರಕ್ಕೂ ಅವನಿಗೂ ಏನು ವ್ಯತ್ಯಾಸ ಎಂದುಕೊಂಡಿರಬೇಕು," ಎಂದಳು ಅಕ್ಕ.

ಇಬ್ಬರ ಮಾತೂ ಸರಿಯೇ. ಆ ಸಂಕೋಚ ದಂಗೆಯನ್ನು ಕೊಂದಿತು. ಅದೇ ಸಂಕೋಚದಿಂದ ಅವನ ಹೆಸರಿಗೆ ಒಂದು ಕಲೆಯೂ ಅಂಟಲಿಲ್ಲ. ಮುಲಿನಹೋನಿನ ಚಾರ್ಲ್ಸ್ ಕಿಕಮ್ ಆಗ ಇಪ್ಪತ್ತರ ಹುಡುಗ, ಭರ್ಜಿಗಳ ಸಿದ್ಧತೆಯಲ್ಲಿ ಓಡಾಡಿದವನು. ಮುಂದೆ ದೊಡ್ಡ ಕಾದಂಬರಿಕಾರನಾದ.

ಶನಿವಾರ: ಬ್ಯಾಲಿಂಗ್ಯಾರಿ

ದಂಗೆ ನಡೆದ 1848ರ ಜುಲೈ 29 ಕೂಡ ಶನಿವಾರ.

ಬ್ಯಾಲಿಂಗ್ಯಾರಿ ಬಳಿಯ ದಿ ಕಾಮನ್ಸ್ ಎಂಬ ಹಳ್ಳಿಯಿಂದ ಆ ರೈತಮನೆಗೆ ಎರಡೂವರೆ ಕಿಲೋಮೀಟರ್ ಆಸುಪಾಸು. ಪ್ರತಿ ಜುಲೈನಲ್ಲಿ ಊರಿನವರು ಇದೇ ದಾರಿಯಲ್ಲಿ ಸ್ಮರಣೆಯ ನಡಿಗೆ ನಡೆಸುತ್ತಾರೆ. ನಾವು ಕಾರನ್ನು ಕೆಳಗೇ ಬಿಟ್ಟು ನಡೆದೆವು. ಇದು ಸ್ಲೀವಾರ್ಡಾ ಗುಡ್ಡಸಾಲು, ಕಲ್ಲಿದ್ದಲಿನ ಸೀಮೆ. ಉಳಿದ ಊರುಗಳ ಜನ ಕರಗಿಹೋದಾಗ ಓಬ್ರಿಯನ್ ಜೊತೆ ಕೊನೆಯವರೆಗೂ ನಿಂತವರು ಇಲ್ಲಿನ ಗಣಿ ಕಾರ್ಮಿಕರು. ಗಣಿ ಕಂಪನಿಗೆ ಅವನು ಒಂದು ಪತ್ರ ಬರೆದ: ಗಣಿ ನಡೆಸಿ, ಕೂಲಿ ಕೊಡುತ್ತಿರಿ, ನಿಮ್ಮ ಆಸ್ತಿಗೆ ರಕ್ಷಣೆಯಿದೆ, ಜನರನ್ನು ಉಪವಾಸ ಕೆಡವಲು ಗಣಿ ಮುಚ್ಚಿದರೆ, ದಂಗೆ ಗೆದ್ದ ದಿನ ಅದು ದೇಶದ ಆಸ್ತಿ. ಲಾಲರ್ ಮಾತಿನ ಹತ್ತಿರಕ್ಕೆ ಓಬ್ರಿಯನ್ ಬಂದದ್ದು ಈ ಒಂದು ಪತ್ರದಲ್ಲಿ. ಹೊತ್ತು ಮೀರಿತ್ತು. ವಿಚಾರಣೆಯಲ್ಲಿ ಅದೇ ಪತ್ರವನ್ನು ಅವನ ವಿರುದ್ಧ ಸಾಕ್ಷಿಯಾಗಿ ಓದಿದರು.

ಹಿಂದಿನ ದಿನ ಕಾಮನ್ಸ್‌ನಲ್ಲಿ ನಾಯಕರೆಲ್ಲ ಸೇರಿ ಸಮಾಲೋಚಿಸಿದ್ದರು. ತಲೆಮರೆಸಿಕೊಂಡು ಕಾಯೋಣ ಎಂದವರು ಹೆಚ್ಚು. ಓಬ್ರಿಯನ್ ಒಪ್ಪಲಿಲ್ಲ. ಮಾರ್, ಡಿಲನ್ ಬೇರೆ ಊರುಗಳನ್ನು ಎಬ್ಬಿಸಲು ಹೊರಟರು. ಲಿವರ್‌ಪೂಲಿನಲ್ಲಿ ವ್ಯಾಪಾರ ಬಿಟ್ಟು ಬಂದಿದ್ದ ಟೆರೆನ್ಸ್ ಬೆಲ್ಯೂ ಮ್ಯಾಕ್‌ಮ್ಯಾನಸ್ ಮತ್ತು ತರುಣ ಜೇಮ್ಸ್ ಸ್ಟೀಫನ್ಸ್ ಇಲ್ಲಿಯೇ ಉಳಿದರು. ಶನಿವಾರ ಮಧ್ಯಾಹ್ನ ಕ್ಯಾಲನ್ ಕಡೆಯಿಂದ ಥಾಮಸ್ ಟ್ರಾಂಟ್ ಎಂಬ ಅಧಿಕಾರಿ 46 ಪೊಲೀಸರೊಂದಿಗೆ ಬಂದ. ಹಳ್ಳಿಯ ಬೀದಿಗೆ ಅಡ್ಡಗಟ್ಟಿದ ಗಾಡಿಗಳನ್ನೂ ಅದರ ಹಿಂದಿನ ಜನರನ್ನೂ ದೂರದಿಂದಲೇ ಕಂಡು, ಪಕ್ಕದ ದಾರಿ ಹಿಡಿದು ಗುಡ್ಡದ ಮೇಲಿನ ಒಂಟಿ ಮನೆಗೆ ಓಡಿದ. ಜನ ಹೊಲಗಳಲ್ಲಿ ಅಡ್ಡ ಬಿದ್ದು ಅಟ್ಟಿಸಿಕೊಂಡು ಹೋದರು.

ಮನೆ ಎರಡಂತಸ್ತಿನದು. ದಪ್ಪ ಕಲ್ಲುಗೋಡೆ, ಸ್ಲೇಟಿನ ಮಾಡು, ಅಂಗಳಕ್ಕೆ ಎದೆಮಟ್ಟದ ಪಾಗಾರ. ಪೊಲೀಸರು ಇದನ್ನೇ ಆರಿಸಿಕೊಂಡದ್ದು ಯಾಕೆಂದು ನೋಡಿದ ಕೂಡಲೇ ತಿಳಿಯುತ್ತದೆ. ಸುತ್ತ ಎಲ್ಲ ಕಡೆಗೂ ಇಳಿಜಾರು. ಮೇಲಿನ ಕಿಟಕಿಯಿಂದ ಗುಡ್ಡದ ಮೈಯೆಲ್ಲ ಕಾಣುತ್ತದೆ. ಒಳಗೆ ಹೋದರೆ ತಂಪು, ಕತ್ತಲು. ಕಿಟಕಿಯ ಗೂಡಿನ ಆಳಕ್ಕೆ ನನ್ನ ತೋಳು ಮೊಣಕೈವರೆಗೆ ಹಿಡಿಯಿತು. ಮನೆಯೊಡತಿ ಮಾರ್ಗರೆಟ್ ಮೆಕಾರ್ಮ್ಯಾಕ್ ವಿಧವೆ. ಪೊಲೀಸರು ನುಗ್ಗಿದಾಗ ಆಕೆ ಮನೆಯಲ್ಲಿರಲಿಲ್ಲ, ಐದು ಮಕ್ಕಳಿದ್ದರು. ಮೇಜು, ಮಂಚ, ಹಾಸಿಗೆ ಎಲ್ಲವನ್ನೂ ಬಾಗಿಲು ಕಿಟಕಿಗಳಿಗೆ ಒಟ್ಟಿ, ಮಕ್ಕಳನ್ನು ಒಳಗೇ ಇಟ್ಟುಕೊಂಡು ಪೊಲೀಸರು ಕೋವಿ ಹೊರಚಾಚಿದರು.

ಹಿಂಬದಿಯಲ್ಲಿ ಮ್ಯಾಕ್‌ಮ್ಯಾನಸ್ ಒಣಹುಲ್ಲು ಒಟ್ಟಿ ಹೊಗೆ ಹಾಕಿ ಹೊರಗೆಬ್ಬಿಸಲು ನೋಡಿದ. ಅಷ್ಟರಲ್ಲಿ ತಾಯಿ ಓಡಿಬಂದು ಮಕ್ಕಳಿಗಾಗಿ ಓಬ್ರಿಯನ್ ಮುಂದೆ ಗೋಳಾಡಿದಳು. ಅವನು ಬೆಂಕಿಯನ್ನು ತಡೆದು, ಆಕೆಯನ್ನು ಜೊತೆಗೆ ಕರೆದುಕೊಂಡು ನೇರ ಕಿಟಕಿಗೆ ಹೋದ. ಕಿಟಕಿಯೊಳಗೆ ಕೈ ಚಾಚಿ ಪೊಲೀಸರ ಕೈ ಕುಲುಕಿದ. ನಿಮ್ಮ ಜೀವ ಬೇಡ, ಆಯುಧ ಕೊಡಿ ಸಾಕು ಎಂದ. ಮಾತು ನಡೆಯುತ್ತಿರುವಾಗ ಹಿಂದಿದ್ದ ಗುಂಪಿನಲ್ಲಿ ಕೆಲವರು ಕಲ್ಲು ಬೀಸಿದರು. ಪೊಲೀಸರು ಗುಂಡು ಹಾರಿಸಿದರು. ಥಾಮಸ್ ವಾಲ್ಷ್, ಪ್ಯಾಟ್ರಿಕ್ ಮೆಕ್‌ಬ್ರೈಡ್ ಎಂಬಿಬ್ಬರು ಸತ್ತರು. ಸ್ಟೀಫನ್ಸ್ ಗಾಯಗೊಂಡ. ಗುಂಡಿನ ನಡುವೆ ನಿಂತಿದ್ದ ಓಬ್ರಿಯನ್‌ನನ್ನು ಜೊತೆಗಾರರು ಎಳೆದುಕೊಂಡು ಹೋದರು. ಗಣಿಗಾರರಲ್ಲಿದ್ದ ಮದ್ದು ಬಹುಬೇಗ ಮುಗಿಯಿತು. ಕ್ಯಾಶೆಲ್‌ನಿಂದ ಇನ್ನಷ್ಟು ಪೊಲೀಸರು ಬಂದಾಗ ಜನ ಚದುರಿದರು.

ನಾನು ಆ ಕಿಟಕಿಯ ಹೊರಗೆ ಬಹಳ ಹೊತ್ತು ನಿಂತೆ. ಗೇಲಿ ಮಾಡಿದವರು ಎಲೆಕೋಸನ್ನು ನೋಡಿದರು. ಇಲ್ಲಿ ನಡೆದದ್ದು ಬೇರೆ: ಐದು ಮಕ್ಕಳ ಪ್ರಾಣವನ್ನೂ ಒಂದು ದಂಗೆಯನ್ನೂ ತಕ್ಕಡಿಗೆ ಹಾಕಬೇಕಾಗಿ ಬಂದಾಗ ಒಬ್ಬ ಮನುಷ್ಯ ಮಕ್ಕಳನ್ನು ಆರಿಸಿಕೊಂಡ, ಕೋವಿಗಳ ಬಾಯಿಗೆ ತನ್ನ ಎದೆಯನ್ನು ಕೊಟ್ಟ. ಇದನ್ನು ಕಂಡು ನಗುವವರ ಜೊತೆ ನನಗೆ ಯಾವ ವಾದವೂ ಬೇಡ.

ಮೆಕಾರ್ಮ್ಯಾಕ್ ಕುಟುಂಬ ಕೆಲವೇ ವರ್ಷಗಳಲ್ಲಿ ಅಮೆರಿಕಕ್ಕೆ ಹೋಯಿತು. ಮನೆಯನ್ನು 1998ರಲ್ಲಿ ಸರಕಾರ ಕೊಂಡು ವಸ್ತುಸಂಗ್ರಹಾಲಯ ಮಾಡಿದೆ. 'ಫ್ಯಾಮಿನ್ ವಾರ್‌ಹೌಸ್ 1848' ಎಂದು ಹೆಸರಿಟ್ಟಿದೆ. ಕ್ಷಾಮವನ್ನೂ ದಂಗೆಯನ್ನೂ ಒಟ್ಟಿಗೆ ಸೇರಿಸಿದ ಈ ಹೆಸರು ನನಗೆ ಬಹಳ ಸರಿ ಎನ್ನಿಸಿತು. ಒಳಗೆ ಪ್ರವೇಶ ಉಚಿತ. ಹೊರಗೆ ತ್ರಿವರ್ಣ ಹಾರುತ್ತದೆ. ಅದೇ ಶನಿವಾರದ ತಾರೀಕಿನ 'ನೇಷನ್' ಸಂಚಿಕೆಯನ್ನು ಡಬ್ಲಿನ್ನಿನಲ್ಲಿ ಪೊಲೀಸರು ಜಪ್ತಿ ಮಾಡಿದರು. ಎದ್ದೇಳಿ ಎಂದು ಅದರಲ್ಲಿ ಬರೆದಿದ್ದವಳು ಜೇನ್ ಎಲ್ಜಿ. ಮುಂದೆ ಆಸ್ಕರ್ ವೈಲ್ಡ್‌ನ ತಾಯಿ.

ಭಾನುವಾರ: ಥರ್ಲ್ಸ್, ಕ್ಲಾನ್ಮೆಲ್

ಥರ್ಲ್ಸ್ ರೈಲು ನಿಲ್ದಾಣದಲ್ಲಿ ಹತ್ತು ನಿಮಿಷ ಇದ್ದೆವು. 1848ರಲ್ಲಿ ಹೊಸದಾಗಿ ಬಂದ ರೈಲುಮಾರ್ಗ. ತಲೆಗೆ 500 ಪೌಂಡ್ ಬಹುಮಾನವಿದ್ದ ಓಬ್ರಿಯನ್ ಆಗಸ್ಟ್ 5ರಂದು ಲಿಮರಿಕ್‌ಗೆ ಟಿಕೆಟ್ ಕೊಂಡು ಇಲ್ಲಿ ನಿಂತಿದ್ದಾಗ ರೈಲ್ವೆ ಗಾರ್ಡ್ ಒಬ್ಬ ಗುರುತು ಹಿಡಿದ. ಅದುವರೆಗೆ ಹಳ್ಳಿಗಳಲ್ಲಿ ಅಡಗಿದ್ದ ಅವನನ್ನು ಹಸಿದ ಜನ ಯಾರೂ ಹಿಡಿದುಕೊಟ್ಟಿರಲಿಲ್ಲ. ಹತ್ತಿರದ ಹೋಲಿಕ್ರಾಸ್‌ನಲ್ಲಿ 1847ರ ಸೆಪ್ಟೆಂಬರ್‌ನಲ್ಲಿ ಲಾಲರ್ ಗೇಣಿದಾರರ ಸಂಘ ಕಟ್ಟಲು ಸಭೆ ಕರೆದಿದ್ದ, ಗದ್ದಲದಲ್ಲಿ ಮುರಿದುಬಿತ್ತು.

ಕ್ಲಾನ್ಮೆಲ್‌ನ ನ್ಯಾಯಾಲಯ ರಿಚರ್ಡ್ ಮಾರಿಸನ್ ಕಟ್ಟಿದ ಚೆಲುವಾದ ಕಟ್ಟಡ. ಭಾನುವಾರವಾದ್ದರಿಂದ ಹೊರಗಿನಿಂದಲೇ ನೋಡಿದೆವು. ಸೆಪ್ಟೆಂಬರ್ ಕೊನೆಗೆ ವಿಚಾರಣೆ ಶುರುವಾಗಿ, ಓಬ್ರಿಯನ್, ಮಾರ್, ಮ್ಯಾಕ್‌ಮ್ಯಾನಸ್, ಪ್ಯಾಟ್ರಿಕ್ ಓಡೊನೊಹ್ಯೂ ನಾಲ್ವರಿಗೂ ಅಕ್ಟೋಬರ್‌ನಲ್ಲಿ ಒಂದೇ ಶಿಕ್ಷೆ ಬಂತು: ನೇಣು ಹಾಕಿ, ತಲೆ ಕಡಿದು, ದೇಹವನ್ನು ನಾಲ್ಕು ತುಂಡು ಮಾಡುವುದು. ಹುತಾತ್ಮರನ್ನು ಸೃಷ್ಟಿಸಲು ಇಷ್ಟವಿಲ್ಲದ ಸರಕಾರ ಅದನ್ನು ಗಡೀಪಾರಿಗೆ ಇಳಿಸಹೊರಟಿತು. ರಾಜದ್ರೋಹದ ಮರಣದಂಡನೆಯನ್ನು ಹೀಗೆ ಬದಲಿಸಲು ಕಾನೂನಿನಲ್ಲಿ ಜಾಗವಿಲ್ಲ ಎಂದು ಕೈದಿಗಳೇ ವಾದ ಹೂಡಿದರು. ಅವರನ್ನು ಬದುಕಿಸಲೆಂದೇ 1849ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಜುಲೈನಲ್ಲಿ 'ಸ್ವಿಫ್ಟ್' ಹಡಗು ನಾಲ್ವರನ್ನೂ ಹೊತ್ತು ಈಗ ಟಾಸ್ಮೇನಿಯ ಎನ್ನುವ ದ್ವೀಪಕ್ಕೆ ಹೊರಟಿತು.

ಸೋಮವಾರ: ಗ್ಲಾಸ್ನೆವಿನ್

ಡಬ್ಲಿನ್ನಿಗೆ ಮರಳಿ ನೇರ ಗ್ಲಾಸ್ನೆವಿನ್ ಸ್ಮಶಾನಕ್ಕೆ ಹೋದೆ. ಅಕ್ಕನಿಗೆ ಕೆಲಸವಿತ್ತು, ಒಬ್ಬನೇ ಹೋದೆ. ಓಕಾನೆಲ್‌ನ ಎತ್ತರದ ದುಂಡು ಗೋಪುರ ದೂರದಿಂದಲೇ ಕಾಣುತ್ತದೆ. ಅವನನ್ನು ಬಿಟ್ಟುಬಂದ ತರುಣರಲ್ಲಿ ಹಲವರು ಅದೇ ಆವರಣದಲ್ಲಿದ್ದಾರೆ.

ಎಲ್ಲರೂ ಇಲ್ಲಿಲ್ಲ. ಓಬ್ರಿಯನ್ 1856ರಲ್ಲಿ ಪೂರ್ಣ ಕ್ಷಮಾದಾನ ಪಡೆದು ಮನೆಗೆ ಬಂದ, 1864ರಲ್ಲಿ ವೇಲ್ಸ್‌ನಲ್ಲಿ ತೀರಿಕೊಂಡ. ಸಮಾಧಿ ಲಿಮರಿಕ್ ಸೀಮೆಯ ರಾತ್ರೋನನ್‌ನಲ್ಲಿ. ಮಾರ್ ತಪ್ಪಿಸಿಕೊಂಡು ಅಮೆರಿಕ ಸೇರಿ, ಅಲ್ಲಿನ ಅಂತರ್ಯುದ್ಧದಲ್ಲಿ ಉತ್ತರದ ಪರವಾಗಿ ಐರಿಷ್ ಬ್ರಿಗೇಡ್ ನಡೆಸಿ, ಮೊಂಟಾನಾದ ಹಂಗಾಮಿ ಗವರ್ನರನಾಗಿ, 1867ರಲ್ಲಿ ಮಿಸ್ಸೂರಿ ನದಿಯಲ್ಲಿ ಮುಳುಗಿದ. ಕಾನ್ಫೆಡರೇಶನ್ನಿನ ಇನ್ನೊಬ್ಬ ತರುಣ ಥಾಮಸ್ ಡಾರ್ಸಿ ಮೆಗೀ ಕೆನಡಾ ಒಕ್ಕೂಟದ ನಿರ್ಮಾಪಕರಲ್ಲೊಬ್ಬನಾಗಿ 1868ರಲ್ಲಿ ಒಟ್ಟಾವಾದಲ್ಲಿ ಗುಂಡಿಗೆ ಬಲಿಯಾದ. ಗಾಯಗೊಂಡು ಪಾರಾದ ಸ್ಟೀಫನ್ಸ್ ಬೇರೆಯದೇ ಪಾಠ ಕಲಿತ: ಬಹಿರಂಗ ಸಭೆ ಸಾಕು, ಇನ್ನು ಗುಪ್ತ ಸಂಘಟನೆ. 1858ರ ಮಾರ್ಚ್ 17ರಂದು ಅವನು ಹುಟ್ಟುಹಾಕಿದ ಬಳಗವೇ 1916ರ ದಂಗೆಯನ್ನು ಯೋಜಿಸಿದ್ದು.

ಮ್ಯಾಕ್‌ಮ್ಯಾನಸ್ 1861ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಡವನಾಗಿ ಸತ್ತ. ಸ್ಟೀಫನ್ಸ್‌ನ ಬಳಗ ದೇಹವನ್ನು ಸಾಗರ ದಾಟಿಸಿ ಡಬ್ಲಿನ್ನಿಗೆ ತಂದಿತು. ಆರ್ಚ್‌ಬಿಷಪ್ ಕಲನ್ ಪ್ರಧಾನ ಚರ್ಚಿನಲ್ಲಿ ಇರಿಸಲು ಒಪ್ಪಲಿಲ್ಲ. ಆಬಿ ಸ್ಟ್ರೀಟ್‌ನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಇರಿಸಿದರು; ನವೆಂಬರ್ 10ರಂದು ಜನಸಾಗರವೇ ಅವನನ್ನು ಇಲ್ಲಿಗೆ ಹೊತ್ತು ತಂದಿತು. ಹುಲ್ಲು ಒಟ್ಟಿದ ಕೈಗೆ ಹದಿಮೂರು ವರ್ಷದ ಮೇಲೆ ಸಿಕ್ಕ ಮರ್ಯಾದೆ.

ಲಾಲರ್ ಇಲ್ಲಿದ್ದಾನೆ. 1849ರ ಡಿಸೆಂಬರ್‌ನಲ್ಲಿ ಸತ್ತ, ತನ್ನ ಮಾತನ್ನು ಯಾರೂ ಕೇಳದಿದ್ದ ಕಾಲದಲ್ಲಿ. ಮೂವತ್ತು ವರ್ಷ ಕಳೆದು 1879ರಲ್ಲಿ ಹುಟ್ಟಿದ ಲ್ಯಾಂಡ್ ಲೀಗ್ ಎಂಬ ಗೇಣಿದಾರರ ಸಂಘ ಅವನ ಮಾತನ್ನೇ ಎತ್ತಿಕೊಂಡು ಹಳ್ಳಿ ಹಳ್ಳಿಯನ್ನು ಎಬ್ಬಿಸಿತು. ಅದರ ಮುಂದಾಳುಗಳಲ್ಲಿ ಡಿಲನ್‌ನ ಮಗನೂ ಇದ್ದ. ತಂದೆ ಡಿಲನ್ ಕೂಡ ಇದೇ ಸ್ಮಶಾನದಲ್ಲಿದ್ದಾನೆ. ಡಫಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ವಿಕ್ಟೋರಿಯಾ ವಸಾಹತಿನ ಪ್ರಧಾನಿಯಾದ, ಗೆಳೆಯರೆಲ್ಲರಿಗಿಂತ ಹೆಚ್ಚು ಬದುಕಿ ಅವರ ಕಥೆ ಬರೆದ. 1903ರ ಫೆಬ್ರವರಿಯಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ತೀರಿಕೊಂಡು ಇಲ್ಲಿಗೆ ಬಂದ. ಅದೇ ವರ್ಷ ಆಗಸ್ಟ್‌ನಲ್ಲಿ, ಗೇಣಿದಾರರು ತಾವು ಉಳುವ ನೆಲವನ್ನು ಸರಕಾರದ ಸಾಲದಿಂದ ಕೊಂಡುಕೊಳ್ಳಲು ದಾರಿ ಮಾಡಿದ ವಿಂಡಮ್ ಕಾಯ್ದೆ ಅಂಗೀಕಾರ ಪಡೆಯಿತು.